ಜ್ವರ ಬಂದ ಮಗುವಿಗೆ ಮನೆಯಲ್ಲಿರಲು ಬಿಡಿ: ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ, ಜೊತೆಗೆ ನನ್ನ ಹಾಗೆ ದಿನಾ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನವಳು. ಮಗಳು ಮೂರನೇ ಕ್ಲಾಸು ಓದುತ್ತಾಳೆ, ಮಗನಿಗೆ ಎರಡೂವರೆ ವರ್ಷ. ಅತ್ತೆ, ಮಾವ, ನನ್ನ ಗಂಡ ಸೇರಿ ಮನೆಯಲ್ಲಿ ಆರು ಜನ. ಮಾವನವರಿಗೆ ಎಪ್ಪತ್ತೆರಡು ದಾಟಿದೆ. ಹತ್ತು ವರ್ಷದಿಂದ ದಮ್ಮು ಇದೆ, ದಿನಕ್ಕೆರಡು ಸಲ ಇನ್‌ಹೇಲರ್ ತೆಗೆದುಕೊಳ್ಳುತ್ತಾರೆ. ಈ ಪತ್ರ ಬರೆಯುತ್ತಿರುವುದು ಅವರಿಗಾಗಿ, ಅವರಂಥ ಅಜ್ಜ ಅಜ್ಜಿಯರಿಗಾಗಿ.

ಕಳೆದ ವರ್ಷ ಜುಲೈನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಕಡೆ ಜುಲೈನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಇರಚಲು ಹೊಡೆಯುತ್ತದೆ ಅಂತ ಕಿಟಕಿ ಹಾಕುತ್ತೇವೆ. ಸಂಜೆಯಾದರೆ ಸೊಳ್ಳೆ ಬರುತ್ತದೆ ಅಂತ ಬಾಗಿಲೂ ಹಾಕುತ್ತೇವೆ. ಎಲ್ಲರೂ ಹಾಲ್‌ನಲ್ಲೇ ಇರುತ್ತೇವೆ. ಮಾವನವರ ಮಂಚ ಅಲ್ಲೇ ಮೂಲೆಯಲ್ಲಿದೆ. ಮಗಳು ಸಂಜೆ ಕೈಕಾಲು ತೊಳೆದುಕೊಂಡು ಬಂದು ಅಜ್ಜನ ಪಕ್ಕ ಕೂತು ಮಗ್ಗಿ ಒಪ್ಪಿಸಬೇಕು, ಅದು ಅವರಿಬ್ಬರ ಪದ್ಧತಿ. ಅಜ್ಜನಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅವಳು ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳುತ್ತಾಳೆ. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ತಪ್ಪಿದರೆ ಮತ್ತೆ ಮೊದಲಿಂದ.

ಒಂದು ಗುರುವಾರ ರಾತ್ರಿ ಅವಳ ಮೈ ಬೆಚ್ಚಗಿತ್ತು. ಶುಕ್ರವಾರ ಬೆಳಿಗ್ಗೆ ಥರ್ಮಾಮೀಟರ್ ಇಟ್ಟರೆ 100 ದಾಟಿತ್ತು. ಶಾಲೆಗೆ ಬೇಡ ಅಂದೆ. ಅತ್ತುಬಿಟ್ಟಳು. ಅವಳ ಶಾಲೆಯಲ್ಲಿ ಜೂನ್‌ನಿಂದ ಒಂದು ದಿನವೂ ತಪ್ಪಿಸದ ಮಕ್ಕಳಿಗೆ ಆಗಸ್ಟ್ 15ರ ಕಾರ್ಯಕ್ರಮದಲ್ಲಿ ಪೂರ್ಣ ಹಾಜರಾತಿ ಬಹುಮಾನ ಕೊಡುತ್ತಾರೆ. ಒಂದು ಸರ್ಟಿಫಿಕೇಟ್, ಒಂದು ಜಾಮಿಟ್ರಿ ಬಾಕ್ಸ್. ಆ ದಿನ ಎಫ್‌ಎ-1 ಟೆಸ್ಟ್, ಅಂದರೆ ವರ್ಷದ ಮೊದಲ ಕಿರುಪರೀಕ್ಷೆ ಕೂಡ ಇತ್ತು. ನಾನು ಪ್ಯಾರಸಿಟಮಾಲ್ ಸಿರಪ್ ಕುಡಿಸಿ, ಅರ್ಧ ಗಂಟೆ ಬಿಟ್ಟು ಹಣೆ ಮುಟ್ಟಿ ನೋಡಿ, ತಣ್ಣಗಾಗಿದೆ ಅಂತ ಕಳಿಸಿದೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಯಿಂದ ಫೋನ್ ಬಂತು. ಸಿರಪ್ಪಿನ ಬಲ ಅಷ್ಟೇ, ನಾಲ್ಕರಿಂದ ಆರು ಗಂಟೆ. ಅದು ಜ್ವರ ಇಳಿಸುತ್ತದೆ, ವೈರಸ್ಸನ್ನು ಓಡಿಸುವುದಿಲ್ಲ. ಆ ಮೂರೂವರೆ ಗಂಟೆ ಅವಳು ಮೂವತ್ತೆಂಟು ಮಕ್ಕಳ ಜೊತೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿದ್ದಳು. ಅವಳಿಗೂ ಅದು ಬಂದಿದ್ದು ಅದೇ ಕೋಣೆಯಿಂದ ಇರಬೇಕು. ವಾರದ ಶುರುವಿನಿಂದ ಪಕ್ಕದ ಬೆಂಚಿನ ಹುಡುಗಿ ಕೆಮ್ಮುತ್ತಲೇ ಬರುತ್ತಿದ್ದಳಂತೆ. ಆ ಹುಡುಗಿಯ ಅಮ್ಮನಿಗೂ ನನ್ನಂಥದ್ದೇ ಒಂದು ಬೆಳಿಗ್ಗೆ ಇದ್ದಿರಬಹುದು.

ಭಾನುವಾರ ನನಗೂ ಮಗನಿಗೂ ಜ್ವರ. ಮಂಗಳವಾರ ಮಾವನವರಿಗೆ ಕೆಮ್ಮು ಶುರುವಾಯಿತು. ಶುಕ್ರವಾರ ರಾತ್ರಿ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಊರಿ ಉಸಿರು ಎಳೆಯುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 86 ತೋರಿಸಿತು. "ಏನೂ ಇಲ್ಲ ಕಣಮ್ಮಾ, ಮಲಗು ಹೋಗು" ಅಂದರು, ಅಷ್ಟು ಹೇಳುವುದಕ್ಕೆ ಎರಡು ಸಲ ನಿಲ್ಲಿಸಿ. ಆಸ್ಪತ್ರೆಯಲ್ಲಿ ಮೂಗಿನ ದ್ರವ ಪರೀಕ್ಷೆ ಮಾಡಿ ಇನ್‌ಫ್ಲುಯೆನ್ಸಾ ಎ, ಅಂದರೆ ಒಂದು ಬಗೆಯ ಫ್ಲೂ ಅಂದರು. ಆರು ದಿನ ಆಕ್ಸಿಜನ್ ಮೇಲಿದ್ದರು. ಉಳಿದುಕೊಂಡರು. ಆದರೆ ಮೊದಲು ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಿ ಪೇಪರ್ ತರುತ್ತಿದ್ದವರು ಈಗ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ.

ಮಗಳು ಆ ವಾರ ಒಂದು ಮಾತು ಕೇಳಿದಳು. "ಅಮ್ಮಾ, ಅಜ್ಜಂಗೆ ನನ್ನಿಂದ ಬಂತಾ?" ಎಂಟು ವರ್ಷದ ಮಗುವಿಗೆ ಏನು ಹೇಳುವುದು? ನಿನ್ನಿಂದ ಅಲ್ಲ ಪುಟ್ಟಾ, ಗಾಳಿಯಿಂದ ಬಂತು ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಆಮೇಲೆ ಓದುತ್ತಾ ಹೋದ ಹಾಗೆ ಅದು ಎಷ್ಟು ನಿಜ ಅಂತ ತಿಳಿಯಿತು.

ನಮಗೆಲ್ಲ 2020ರಲ್ಲಿ ಹೇಳಿಕೊಟ್ಟ ಪಾಠ ಬೇರೆ ಇತ್ತು, ಅಲ್ವಾ? ಕೆಮ್ಮಿದರೆ ದೊಡ್ಡ ಹನಿಗಳು ಹಾರುತ್ತವೆ, ಮೂರಡಿ ಆರಡಿಯಲ್ಲಿ ನೆಲಕ್ಕೆ ಬೀಳುತ್ತವೆ, ಆಮೇಲೆ ಅಲ್ಲಿ ಇಲ್ಲಿ ಮುಟ್ಟಿದರೆ ಅಂಟುತ್ತವೆ ಅಂತ. ತರಕಾರಿ ತೊಳೆದೆವು, ಹಾಲಿನ ಪ್ಯಾಕೆಟ್ ತೊಳೆದೆವು, ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಹಾಕಿ ನಿಂತೆವು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿತ್ತು. ಆಮೇಲೆ ನಿಧಾನವಾಗಿ ಮಾತು ಬದಲಿಸಿತು. ಗಾಳಿಯಾಡದ ಒಳಾಂಗಣದಲ್ಲಿ ಉಸಿರಿನ ಸಣ್ಣ ಕಣಗಳು ತೇಲುತ್ತಾ ದೂರದವರಿಗೂ ತಲುಪುತ್ತವೆ ಅಂತ 2021ರಲ್ಲಿ ಒಪ್ಪಿತು. ಆದರೆ ಆ ತಿದ್ದುಪಡಿ ನಮ್ಮ ಶಾಲೆಗಳ ಗೋಡೆಗೆ ಬರಲೇ ಇಲ್ಲ. ಕೈ ತೊಳೆಯುವ ಏಳು ಹಂತದ ಪೋಸ್ಟರ್ ಈಗಲೂ ಇದೆ. ಕಿಟಕಿ ತೆರೆಯಿರಿ ಅನ್ನುವ ಪೋಸ್ಟರ್ ನಾನು ಎಲ್ಲೂ ನೋಡಿಲ್ಲ.

ಕೈ ತೊಳೆಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಹೊಟ್ಟೆ ಕೆಡದಂತೆ ತಡೆಯಲು ಅದು ಬೇಕೇ ಬೇಕು. ಮೂಗು ಒರೆಸಿದ ಕೈಯಿಂದ ಸಣ್ಣ ಮಕ್ಕಳಿಗೆ ಆರ್‌ಎಸ್‌ವಿಯಂಥ ಉಸಿರಾಟದ ವೈರಸ್ ದಾಟುವುದನ್ನೂ ತಡೆಯುತ್ತದೆ. ಆದರೆ ಅಷ್ಟರಿಂದ ನೆಗಡಿ, ಫ್ಲೂ, ಕೋವಿಡ್ ನಿಲ್ಲುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲವು ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು, 1987ರಲ್ಲಿ ಪ್ರಕಟವಾಯಿತು. ಜೋರು ನೆಗಡಿ ಇದ್ದವರನ್ನು ಆರೋಗ್ಯವಂತರ ಜೊತೆ ಗಂಟೆಗಟ್ಟಲೆ ಇಸ್ಪೀಟ್ ಆಡಲು ಕೂರಿಸಿದರು. ಆರೋಗ್ಯವಂತರಲ್ಲಿ ಅರ್ಧದಷ್ಟು ಜನರ ಕೈಯನ್ನು ಮುಖಕ್ಕೆ ಹೋಗದ ಹಾಗೆ ತಡೆದಿದ್ದರು. ಅವರಲ್ಲೂ ಹಲವರಿಗೆ ನೆಗಡಿ ಬಂತು, ಉಳಿದವರಲ್ಲೂ ಹಲವರಿಗೆ ಬಂತು. ಇನ್ನೊಂದು ಕಡೆ, ನೆಗಡಿಯವರು ಆಡಿ ಅಂಟುಅಂಟಾಗಿದ್ದ ಅದೇ ಎಲೆಗಳನ್ನು ಬೇರೆ ಕೋಣೆಯಲ್ಲಿದ್ದ 12 ಜನರ ಕೈಗೆ ಕೊಟ್ಟು, ಪದೇ ಪದೇ ಮುಖ ಮುಟ್ಟಿಕೊಳ್ಳಿ ಅಂದರು. ಅವರಲ್ಲಿ ಒಬ್ಬರಿಗೂ ಬರಲಿಲ್ಲ.

ಇದನ್ನು ಅತ್ತೆಗೆ ವಿವರಿಸಲು ನನಗೆ ಅಡುಗೆಮನೆಯೇ ನೆರವಾಯಿತು. ಒಗ್ಗರಣೆಗೆ ಒಣಮೆಣಸಿನಕಾಯಿ ಸ್ವಲ್ಪ ಸೀದರೆ ಏನಾಗುತ್ತದೆ? ಹಾಲ್‌ನಲ್ಲಿ ಕೂತವರು ಕೆಮ್ಮುತ್ತಾರೆ. ಅವರು ಬಾಣಲೆ ಮುಟ್ಟಿಲ್ಲ, ಒಲೆಯ ಹತ್ತಿರ ಬಂದಿಲ್ಲ. ಘಾಟು ಗಾಳಿಯಲ್ಲಿ ಹೋಗಿ ಅವರ ಮೂಗು ಮುಟ್ಟಿದೆ. ಬಾಗಿಲು ಕಿಟಕಿ ಹಾಕಿದ್ದರೆ ಆ ಘಾಟು ಎಷ್ಟೋ ಹೊತ್ತು ನಿಲ್ಲುತ್ತದೆ. ಹಿತ್ತಲ ಬಾಗಿಲು, ಮುಂದಿನ ಬಾಗಿಲು ಎರಡೂ ತೆಗೆದರೆ ಐದು ನಿಮಿಷದಲ್ಲಿ ಹೋಗುತ್ತದೆ. ಜ್ವರ ಬಂದವರ ಉಸಿರೂ ಹಾಗೇ ಅಂದೆ. ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ನಾವು ಆ ವಾರವೆಲ್ಲಾ ಘಾಟು ಕೂಡಿಹಾಕ್ಕೊಂಡು ಕೂತಿದ್ವಿ" ಅಂದರು.

ಹೌದು, ಕೂಡಿಹಾಕಿಕೊಂಡಿದ್ದೆವು. ನಾವು ಉಸಿರು ಬಿಡುವಾಗ, ಮಾತಾಡುವಾಗ, ಹಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹೊರಬರುತ್ತವೆ. ದೊಡ್ಡ ಹನಿಯಾದರೆ ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತದೆ. ಐದು ಮೈಕ್ರಾನ್‌ನ ಕಣ ಅಲುಗಾಡದ ಗಾಳಿಯಲ್ಲಿ ಆಳೆತ್ತರದಿಂದ ಇಳಿಯಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಒಂದು ಮೈಕ್ರಾನ್‌ನದ್ದಾದರೆ ಹನ್ನೆರಡು ಗಂಟೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗ. ದಡಾರದ ವೈರಸ್ ಅಂತೂ, ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು.

ಗಟ್ಟಿಯಾಗಿ ಮಾತಾಡಿದಷ್ಟೂ ಈ ಕಣಗಳು ಜಾಸ್ತಿ. ಇದನ್ನು ಓದಿದಾಗ ನನಗೆ ಮಗ್ಗಿ ನೆನಪಾಗಿ ಹೊಟ್ಟೆ ತೊಳಸಿದ ಹಾಗಾಯಿತು. ಜ್ವರ ಕಾಣುವ ಹಿಂದಿನ ಸಂಜೆ, ಅಂದರೆ ಬುಧವಾರವೂ, ಅವಳು ಅಜ್ಜನ ಕಿವಿಗೆ ಬಾಯಿಟ್ಟು ಅರ್ಧ ಗಂಟೆ ಕೂಗಿ ಹೇಳಿದ್ದಳು. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡಲು ಶುರು ಮಾಡಬಹುದು. ಲಕ್ಷಣ ಶುರುವಾದ ಮೇಲಿನ ಮೂರ್ನಾಲ್ಕು ದಿನ ಅತಿ ಜಾಸ್ತಿ. ಮಕ್ಕಳಲ್ಲಿ ಒಂದು ವಾರ ದಾಟಿಯೂ ಇರಬಹುದು.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಜನ. ಒಬ್ಬರಿಗೆ ಮಾತ್ರ ನೆಗಡಿಯ ಲಕ್ಷಣ ಇತ್ತು. ಎರಡೂವರೆ ಗಂಟೆ ಹಾಡಿದರು. ಆಮೇಲೆ ಖಚಿತವಾದದ್ದು, ಇರಬಹುದು ಅಂದದ್ದು ಎಲ್ಲ ಸೇರಿ 53 ಜನಕ್ಕೆ ಕೋವಿಡ್. ಇಬ್ಬರು ತೀರಿಕೊಂಡರು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಶಾಲೆಗಳು. ನಲಿಕಲಿ ತರಗತಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಗುಂಪು ಗುಂಪಾಗಿ ತಲೆಗೆ ತಲೆ ತಾಗಿಸಿ ಕೂತು ಹಾಡು ಹೇಳುತ್ತಾರೆ. ಅಂಗನವಾಡಿಯಲ್ಲೂ ದಿನ ಶುರುವಾಗುವುದು ಹಾಡಿನಿಂದಲೇ. ಹಾಡು ನಿಲ್ಲಿಸಬೇಡಿ, ಮಗ್ಗಿಯನ್ನೂ ನಿಲ್ಲಿಸಬೇಡಿ. ಮಕ್ಕಳು ಗಟ್ಟಿಯಾಗಿ ಹೇಳಿ ಕಲಿಯುವುದು ಚೆಂದ. ಆದರೆ ಆ ಕೋಣೆಯ ಕಿಟಕಿ ತೆರೆದಿರಲಿ, ಮೈ ಸುಡುವ ಮಗು ಆ ಗುಂಪಿನಲ್ಲಿ ಕೂರುವಂತಾಗದಿರಲಿ.

ಫ್ಲೂ ವಿಷಯದಲ್ಲಿ ಇನ್ನೂ ಹಳೆಯ ಕತೆ ಇದೆ. 1977ರಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ಒಂದು ವಿಮಾನ ಎಂಜಿನ್ ತೊಂದರೆಯಿಂದ ಕೆಲವು ಗಂಟೆ ನೆಲದಲ್ಲೇ ನಿಂತಿತು. ಗಾಳಿಯ ವ್ಯವಸ್ಥೆ ಬಂದ್ ಆಗಿತ್ತು. ಒಳಗೆ ಫ್ಲೂ ಬಂದ ಒಬ್ಬರು ಇದ್ದರು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72 ಮಂದಿಗೆ ಜ್ವರ ಕೆಮ್ಮು. ವೈದ್ಯರು ಅದನ್ನು ಬರೆದಿಟ್ಟು ಈಗ ಹತ್ತಿರ ಐವತ್ತು ವರ್ಷ. ಮಳೆಗಾಲದಲ್ಲಿ ಶಟರ್ ಎಳೆದು ಓಡುವ ನಮ್ಮ ಬಸ್ಸಿನಲ್ಲಿ ಕೂತಾಗಲೆಲ್ಲ ನನಗೆ ಆ ವಿಮಾನ ನೆನಪಾಗುತ್ತದೆ.

ಈಗ ಮನೆಯ ಮಾತು. "ಒಬ್ಬರಿಗೆ ಬಂದ್ರೆ ಮನೆಮಂದಿಗೆಲ್ಲ ಬಂದೇ ಬರುತ್ತೆ, ಏನ್ ಮಾಡಕ್ಕಾಗುತ್ತೆ" ಅಂತ ನಾವೆಲ್ಲ ಹೇಳುತ್ತೇವೆ. ನಾನೂ ಹಾಗೇ ನಂಬಿದ್ದೆ. ಅದು ನಿಜವಲ್ಲ. ಕೋವಿಡ್‌ನ ಮೊದಲ ವರ್ಷದಲ್ಲಿ ಹಲವು ದೇಶಗಳ 54 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೋಂಕಿತರ ಜೊತೆ ಒಂದೇ ಮನೆಯಲ್ಲಿದ್ದ ನೂರು ಜನರಲ್ಲಿ ಸುಮಾರು 17 ಮಂದಿಗೆ ಮಾತ್ರ ಅದು ತಗುಲಿತ್ತು. ಗಂಡ ಹೆಂಡತಿ ನಡುವೆ ಮಾತ್ರ 38ರ ಹತ್ತಿರ ಇತ್ತು, ಯಾಕೆಂದರೆ ಒಂದೇ ಕೋಣೆ, ಒಂದೇ ಹಾಸಿಗೆ. ಆಮೇಲೆ ಬಂದ ಒಮಿಕ್ರಾನ್ ಇನ್ನೂ ಜೋರಾಗಿ ಹರಡಿತು. ಆದರೂ ಒಂದೇ ಸೂರಿನಡಿ ಇದ್ದವರೆಲ್ಲರಿಗೂ ಬರಲಿಲ್ಲ. ಯಾರ ಹತ್ತಿರ ಎಷ್ಟು ಹೊತ್ತು ಕೂತೆವು, ಯಾವ ಕೋಣೆಯಲ್ಲಿ ಮಲಗಿದೆವು, ಕಿಟಕಿ ತೆರೆದಿತ್ತೋ ಇಲ್ಲವೋ, ಮೈಯಲ್ಲಿ ಮೊದಲೇ ತಡೆಯುವ ಶಕ್ತಿ ಇತ್ತೋ ಇಲ್ಲವೋ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ನಮ್ಮ ಮನೆಯಲ್ಲೂ ಜುಲೈನಲ್ಲಿ ಇಬ್ಬರಿಗೆ ಬರಲಿಲ್ಲ. ನನ್ನ ಗಂಡ ಆ ವಾರ ಕೆಲಸದ ಮೇಲೆ ಹೊರಗಿದ್ದರು. ಅತ್ತೆ ಮನೆಯಲ್ಲೇ ಇದ್ದರು. ಆದರೆ ಅವರು ಹಗಲೆಲ್ಲ ಹಿತ್ತಲ ಬಾಗಿಲು ತೆರೆದ ಅಡುಗೆಮನೆಯಲ್ಲಿ, ರಾತ್ರಿ ಅದರ ಪಕ್ಕದ ಕೋಣೆಯಲ್ಲಿ. ಅದೊಂದೇ ಕಾರಣ ಅಂತ ಹೇಳಲು ನಾನು ಡಾಕ್ಟರಲ್ಲ. ಆದರೆ ಡಿಸೆಂಬರ್‌ನಲ್ಲಿ ಮಗನಿಗೆ ಜ್ವರ ಕೆಮ್ಮು ಬಂದಾಗ ನಾವು ಬೇರೆ ಥರ ನಡೆದುಕೊಂಡೆವು. ಮಾವನವರ ಮಂಚವನ್ನು ಮೊದಲ ದಿನವೇ ಜಗಲಿ ಪಕ್ಕದ ಕೋಣೆಗೆ ಹಾಕಿದೆವು. ಮಗುವನ್ನು ನೋಡಿಕೊಳ್ಳಲು ನಾನೊಬ್ಬಳೇ ಅಂತ ಮಾಡಿಕೊಂಡೆವು. ಮಾವನವರಿಗೆ ಊಟ ಕೊಡುವುದು ಅತ್ತೆಯ ಕೆಲಸ. ನಾನು ಎನ್95 ಮಾಸ್ಕ್ ಹಾಕಿಕೊಂಡೇ ಮನೆಯಲ್ಲಿ ಓಡಾಡಿದೆ. ಹಾಲ್‌ನ ಎರಡು ಕಡೆಯ ಕಿಟಕಿ ಹಗಲು ತೆಗೆದೇ ಇದ್ದವು. ಒಂದು ಕಿಟಕಿಯ ಹತ್ತಿರ ಟೇಬಲ್ ಫ್ಯಾನ್ ಹೊರಗೆ ಮುಖ ಮಾಡಿ ಇಟ್ಟೆವು, ಒಳಗಿನ ಗಾಳಿ ಹೊರಗೆ ಹೋಗಲಿ ಅಂತ. ಮಗಳು ಒಂದು ವಾರ ಜಗಲಿಯಲ್ಲಿ ಕೂತು, ಅಜ್ಜ ಕೋಣೆಯ ಕಿಟಕಿಯಿಂದ ಕೇಳಿ, ಮಗ್ಗಿ ಒಪ್ಪಿಸಿದಳು. ಆ ಸಲ ನನಗೊಬ್ಬಳಿಗೆ ಮಾತ್ರ ಬಂತು. ಒಂದು ಮನೆಯ ಒಂದು ಸಲದ ಅನುಭವದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಮಾವನವರ ಆಕ್ಸಿಮೀಟರ್ 95ರಿಂದ ಇಳಿಯಲಿಲ್ಲ, ನನಗೆ ಅಷ್ಟು ಸಾಕಾಗಿತ್ತು.

ನಮಗೆ ಒಂದು ಹೆಚ್ಚಿನ ಕೋಣೆ ಇದೆ, ಜಗಲಿ ಇದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವವರು ಏನು ಮಾಡಬೇಕು? ಅವರಿಗೆ ಕಿಟಕಿ ಮತ್ತು ಮಾಸ್ಕ್ ಬಿಟ್ಟರೆ ಬೇರೆ ದಾರಿ ಕಡಿಮೆ. ಹಾಗಾಗಿಯೇ ಇದು ಮನೆಗೆ ಬರುವ ಮೊದಲೇ, ಶಾಲೆಯಲ್ಲಿ ತಡೆಯಬೇಕಾದ ವಿಷಯ. ಮನೆಗೆ ಇದು ಬರುವುದೇ ಜಾಸ್ತಿ ಶಾಲೆಯ ದಾರಿಯಿಂದ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1948ರಿಂದ ಹತ್ತು ವರ್ಷ ವೈದ್ಯರು ಹತ್ತಾರು ಕುಟುಂಬಗಳ ನೆಗಡಿ ಜ್ವರಗಳ ಲೆಕ್ಕ ಇಟ್ಟರು. ಮನೆಗೆ ನೆಗಡಿ ತರುವುದರಲ್ಲಿ ಶಾಲೆಗೆ ಹೋಗುವ ಸಣ್ಣ ಮಕ್ಕಳೇ ಮುಂದಿದ್ದರು. ಇದು ಮಕ್ಕಳ ತಪ್ಪಲ್ಲ. ಮಕ್ಕಳನ್ನು ಕೂರಿಸುವ ಕೋಣೆಯನ್ನು ಸರಿ ಮಾಡಬೇಕಾದವರು ನಾವು ದೊಡ್ಡವರು.

ಮಾನ್ಯ ಅಧಿಕಾರಿಗಳೇ, ಈಗ ನಿಮ್ಮ ಸುತ್ತೋಲೆಗೆ ಬರುತ್ತೇನೆ. 2025ರ ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಕೋವಿಡ್ ಪ್ರಕರಣ ಮತ್ತೆ ಕಾಣಿಸಿಕೊಂಡಾಗ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಲಕ್ಷಣ ಪೂರ್ತಿ ಹೋದ ಮೇಲೆ ಕಳಿಸಿ, ಶಾಲೆಗೆ ಹಾಗೆ ಬಂದ ಮಕ್ಕಳನ್ನು ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ ಅಂತ ಅದರಲ್ಲಿತ್ತು. ಅದನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ. ಅಷ್ಟು ಸರಿಯಾದ ಮಾತನ್ನು ಅಷ್ಟು ಸರಳವಾಗಿ ಹೇಳಿದ್ದೀರಿ. ಆದರೆ ಜುಲೈ ಹೊತ್ತಿಗೆ, ಬರೀ ಒಂದೂವರೆ ತಿಂಗಳಲ್ಲಿ, ಅದು ನಮ್ಮ ಕಡೆ ಯಾರ ನೆನಪಿನಲ್ಲೂ ಇರಲಿಲ್ಲ. ಕೋವಿಡ್ ಸುದ್ದಿ ಟಿವಿಯಿಂದ ಹೋಯಿತು, ಸುತ್ತೋಲೆಯೂ ಫೈಲ್ ಸೇರಿತು. ಅದೇ ಸಮಯಕ್ಕೆ ಹಾಜರಾತಿ ಬಹುಮಾನದ ಪಟ್ಟಿ ಮಾತ್ರ ಗೋಡೆ ಮೇಲೆ ಇತ್ತು.

ನನ್ನ ಮೊದಲ ಕೋರಿಕೆ ಇಷ್ಟೇ. ಆ ಸುತ್ತೋಲೆ ಕೋವಿಡ್ ಬಂದಾಗ ಮಾತ್ರ ಹೊರತೆಗೆಯುವ ಕಾಗದ ಆಗಬಾರದು. ಪ್ರತಿ ವರ್ಷ, ಎಲ್ಲ ಶಾಲೆಗೂ, ಸರ್ಕಾರಿ ಖಾಸಗಿ ಅನ್ನದೆ ಅನ್ವಯ ಆಗಲಿ. ಫ್ಲೂ ನಮ್ಮಲ್ಲಿ ವರ್ಷಕ್ಕೆರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಕಂಡಾಗ ಎಲ್ಲರೂ ಗಾಬರಿಯಾದರು, ಹೊಸ ವೈರಸ್ ಅಂದುಕೊಂಡರು. ಅದನ್ನು 2001ರಲ್ಲೇ ಗುರುತಿಸಿದ್ದರು, ಅದು ಪ್ರತಿ ವರ್ಷ ಇರುವಂಥದ್ದೇ. ಹೆಸರು ಯಾವುದೇ ಇರಲಿ, ದಾರಿ ಒಂದೇ. ಹಾಗಿರುವಾಗ ನಿಯಮವೂ ವರ್ಷವಿಡೀ ಇರಲಿ. ಔಷಧಿ ಇಲ್ಲದೆಯೇ ಜ್ವರ ಬಿಟ್ಟು 24 ಗಂಟೆ ಆಗಿರಬೇಕು ಅನ್ನುವುದು ಹಲವು ದೇಶಗಳ ಶಾಲೆಗಳಲ್ಲಿರುವ ಅಳತೆ. "ಔಷಧಿ ಇಲ್ಲದೆಯೇ" ಅನ್ನುವ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿ. ನನ್ನಂಥವರು ಎಡವುವುದೇ ಅಲ್ಲಿ.

ಎರಡನೆಯದು, ಪೂರ್ಣ ಹಾಜರಾತಿಯ ಬಹುಮಾನ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಶುರು ಮಾಡಿಲ್ಲ. ಮಕ್ಕಳು ಶಾಲೆ ಬಿಡಬಾರದು, ಕೂಲಿಗೆ ಹೋಗಬಾರದು ಅನ್ನುವ ಒಳ್ಳೆಯ ಆಸೆ ಅದರ ಹಿಂದಿದೆ. ನಮ್ಮ ಮೇಷ್ಟ್ರುಗಳು ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದ ಊರುಗಳಿವೆ, ಅದು ನನಗೆ ಗೊತ್ತು. ಆದರೆ ಜ್ವರದ ದಿನವನ್ನೂ ಗೈರುಹಾಜರಿ ಅಂತ ಲೆಕ್ಕ ಹಾಕಿದರೆ, ಆ ಬಹುಮಾನ ಕಾಯಿಲೆ ಬಿದ್ದ ಮಗುವನ್ನು ಬೆಂಚಿಗೆ ಎಳೆದು ತರುತ್ತದೆ. ಕಾಯಿಲೆಯ ದಿನಗಳನ್ನು ಲೆಕ್ಕದಿಂದ ಬಿಡಿ. ಎಸ್ಸೆಸ್ಸೆಲ್ಸಿಗೆ ಬೇಕಾದ 75 ಪರ್ಸೆಂಟ್ ಹಾಜರಾತಿಯ ವಿಷಯದಲ್ಲೂ ಇದನ್ನು ಸ್ಪಷ್ಟಪಡಿಸಿ. ತಪ್ಪಿದ ಎಫ್‌ಎ ಟೆಸ್ಟನ್ನು ಮಗು ವಾಪಸ್ ಬಂದ ಮೇಲೆ ಬರೆಸಿ. ಎರಡು ಮೂರು ದಿನದ ಜ್ವರಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಕೇಳಬೇಡಿ. ಆ ಕಾಗದಕ್ಕಾಗಿ ಜ್ವರದ ಮಗುವನ್ನು ಹೊತ್ತುಕೊಂಡು ಕ್ಲಿನಿಕ್‌ನ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನರ ಮಧ್ಯೆ ಕೂರಬೇಕು. ಅಮ್ಮ ಬರೆದುಕೊಟ್ಟ ಚೀಟಿ ಸಾಕು.

ಮೂರನೆಯದು ಕಿಟಕಿ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಳೆಯ ಹೆಂಚಿನ ಸರ್ಕಾರಿ ಶಾಲೆಗಳನ್ನು ನೋಡಿ. ಎತ್ತರದ ಮಾಡು, ಗೋಡೆ ಮತ್ತು ಮಾಡಿನ ನಡುವೆ ಸಂದು, ಎರಡೂ ಕಡೆ ಕಿಟಕಿ. ನಮ್ಮ ತೊಟ್ಟಿಮನೆಗಳಲ್ಲಿ ಅಂಗಳವೇ ಉಸಿರಾಡುತ್ತಿತ್ತು, ಬೆಳಕಿಂಡಿ ಇಲ್ಲದ ಅಡುಗೆಮನೆ ಇರಲಿಲ್ಲ. ಈಗ ಕಟ್ಟುವ ಶಾಲೆಗಳಲ್ಲಿ ತಗ್ಗು ಆರ್‌ಸಿಸಿ ಸೂರು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಸ್ಲೈಡಿಂಗ್ ಕಿಟಕಿ ಎಷ್ಟು ತೆಗೆದರೂ ಅರ್ಧವೇ ತೆರೆಯುವುದು, ಇನ್ನರ್ಧ ಗಾಜಿನ ಹಿಂದೆ ಗಾಜು. ಮಳೆ ಬಂದರೆ ಅದೂ ಬಂದ್. ಕಿಟಕಿ ಮೇಲೆ ಸರಿಯಾದ ಸಜ್ಜಾ ಇದ್ದರೆ ಇರಚಲು ಹೊಡೆಯುವುದಿಲ್ಲ, ಮಳೆಯಲ್ಲೂ ತೆರೆದಿಡಬಹುದು. ಸೊಳ್ಳೆಯ ಭಯ ಸುಳ್ಳಲ್ಲ. ಮಳೆಗಾಲದಲ್ಲಿ ಡೆಂಗಿ ಇದ್ದೇ ಇರುತ್ತದೆ, ಆ ಸೊಳ್ಳೆ ಕಚ್ಚುವುದು ಹಗಲಲ್ಲೇ. ಹಾಗಂತ ಕಿಟಕಿ ಹಾಕಿದರೆ ಡೆಂಗಿಯಿಂದ ತಪ್ಪಿಸಿಕೊಂಡು ಫ್ಲೂಗೆ ಸಿಕ್ಕಿಬೀಳುತ್ತೇವೆ. ಸೊಳ್ಳೆ ಜಾಲರಿ ಹಾಕಿಸಿದರೆ ಎರಡಕ್ಕೂ ಆಯಿತು. ಒಂದು ತರಗತಿಗೆ ಜಾಲರಿ ಮತ್ತು ಒಂದು ಎಕ್ಸಾಸ್ಟ್ ಫ್ಯಾನ್‌ಗೆ ತಗಲುವ ಹಣ ಒಂದು ಸ್ಮಾರ್ಟ್ ಬೋರ್ಡಿನ ಬೆಲೆಯ ಹತ್ತಿರವೂ ಬರುವುದಿಲ್ಲ.

ಗಾಳಿ ಸಾಕಾಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸಣ್ಣ ಯಂತ್ರ ಸಿಗುತ್ತದೆ, ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗದ ಆಸುಪಾಸು ತೋರಿಸುತ್ತದೆ. ಮಕ್ಕಳು ತುಂಬಿದ ಮುಚ್ಚಿದ ಕೋಣೆಯಲ್ಲಿ 2000 ದಾಟುವುದು ಕಷ್ಟವೇನಲ್ಲ. ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಪ್ರತಿ ಶಾಲೆಗೂ ಕೊಡಿ ಅಂತ ಕೇಳುತ್ತಿಲ್ಲ. ಅಕ್ಕಪಕ್ಕದ ಶಾಲೆಗಳು ಸೇರಿದ ಒಂದೊಂದು ಕ್ಲಸ್ಟರಿಗೆ ಒಂದು ಕೊಡಿ. ಆ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಯವರು ಶಾಲೆಗೆ ಭೇಟಿ ಕೊಟ್ಟಾಗ ಹೇಗೂ ಹಾಜರಿ ಪುಸ್ತಕ ನೋಡುತ್ತಾರೆ, ಬಿಸಿಯೂಟ ರುಚಿ ನೋಡುತ್ತಾರೆ. ಹತ್ತು ನಿಮಿಷ ತರಗತಿಯ ಗಾಳಿಯನ್ನೂ ನೋಡಲಿ.

ಆರೋಗ್ಯ ಇಲಾಖೆಯವರಲ್ಲಿ ಒಂದು ಬೇರೆ ಬೇಡಿಕೆ ಇದೆ. ಮಾವನವರು ಆಸ್ಪತ್ರೆಯಿಂದ ಬಂದ ಮೇಲೆ ಡಾಕ್ಟರು ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ ಅಂದರು. ಹತ್ತು ವರ್ಷ ದಮ್ಮಿಗೆ ಔಷಧಿ ತಗೊಂಡರೂ ಈ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಈ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಹೊರಗೆ ಕೊಂಡು ಹಾಕಿಸಬೇಕು, ಒಂದು ಡೋಸಿಗೆ ಸಾವಿರ ದಾಟುತ್ತದೆ. ಪಿಂಚಣಿಯ ಹಣದಲ್ಲಿ ಬದುಕುವ ಅಜ್ಜಿ ಎಲ್ಲಿಂದ ತರಬೇಕು? ದಮ್ಮು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರಿಗಾದರೂ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದು ಸಿಗುವಂತೆ ಮಾಡಿ. ಯಾರ ಮನೆಯಲ್ಲಿ ಯಾರಿಗೆ ದಮ್ಮಿದೆ ಅಂತ ಆಶಾ ಅಕ್ಕಂದಿರಿಗೆ ನಿಮ್ಮ ಕಂಪ್ಯೂಟರಿಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ ನಿಮ್ಮ ಎರಡೂ ಇಲಾಖೆಗೆ ನೇರವಾಗಿ ಸೇರಿದ್ದಲ್ಲ. ಆದರೂ ಇದನ್ನು ಬಿಟ್ಟರೆ ಮೇಲಿನ ಮಾತೆಲ್ಲ ಅನುಕೂಲಸ್ಥರ ಮಾತಾಗುತ್ತದೆ. ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಿ ಅನ್ನುವುದು ಸುಲಭ. ಮನೆಯಲ್ಲಿ ಯಾರಿರಬೇಕು? ನಮ್ಮ ಬೀದಿಯ ಒಬ್ಬ ತಾಯಿ ಬೆಳಿಗ್ಗೆ ಎಂಟಕ್ಕೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಒಂದು ದಿನ ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಅವರು ಮಗುವಿಗೆ ಸಿರಪ್ ಕುಡಿಸಿ ಕಳಿಸುವುದು ಬಹುಮಾನಕ್ಕಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಅಂತ. ಶಾಲೆಗೆ ಹೋದರೆ ಮಧ್ಯಾಹ್ನದ ಊಟವಾದರೂ ಸಿಗುತ್ತದೆ ಅಂತ. ಸರ್ಕಾರಿ ಕೆಲಸದಲ್ಲಿರುವ ತಾಯಂದಿರಿಗೆ ಶಿಶುಪಾಲನಾ ರಜೆ ಇದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ ಇಎಸ್‌ಐ ವಿಮೆ ಇದ್ದರೆ ತಮ್ಮ ಸ್ವಂತ ಕಾಯಿಲೆಗೆ ಸಂಬಳದ 70 ಪರ್ಸೆಂಟ್ ಸಿಗುತ್ತದೆ, ಮಗುವಿನ ಕಾಯಿಲೆಗೆ ಸಿಗುವುದಿಲ್ಲ. ಕೂಲಿಯವರಿಗೆ ಏನೂ ಇಲ್ಲ. ಕಾರ್ಮಿಕ ಇಲಾಖೆಯ ಜೊತೆ ನೀವು ಕೂತು ಮಾತಾಡಬೇಕು. ಅದು ಆಗುವವರೆಗೆ ಇಷ್ಟಾದರೂ ಮಾಡಬಹುದು. ಮನೆಗೆ ಕಳಿಸಲು ಯಾರೂ ಇಲ್ಲದ ಮಗುವಿಗೆ ಶಾಲೆಯ ಜಗಲಿಯಲ್ಲಿ, ಗಾಳಿ ಬೆಳಕು ಇರುವ ಕಡೆ, ಒಂದು ಚಾಪೆ, ಒಂದು ಮಾಸ್ಕ್, ಕುಡಿಯಲು ಬಿಸಿನೀರು, ಹೊತ್ತಿಗೆ ಊಟ. ಗದರಬೇಡಿ. ಬೇರೆ ಮಕ್ಕಳು ಆಡಿಕೊಳ್ಳದ ಹಾಗೆ ನೋಡಿಕೊಳ್ಳಿ.

ನನ್ನಂಥ ಅಪ್ಪ ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಮಗುವಿನ ಶಾಲೆಯಲ್ಲಿ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಕಿಟಕಿಗಳು ಎಷ್ಟಿವೆ, ಎಷ್ಟು ತೆರೆಯುತ್ತವೆ ಅಂತ ಎಣಿಸಿಕೊಂಡು ಬನ್ನಿ. ನಮ್ಮ ಶಾಲೆಯಲ್ಲಿ ನಾನು ಎಣಿಸಿದೆ. ಮಗಳ ತರಗತಿಯಲ್ಲಿ ನಾಲ್ಕು ಕಿಟಕಿ. ಎರಡು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಒಂದರ ಮುಂದೆ ಬೀರು ಇತ್ತು. ಮುಖ್ಯ ಶಿಕ್ಷಕರಿಗೆ ತೋರಿಸಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಅದೇ ವಾರ ಬೀರು ಸರಿಸಿದರು, ಬಡಗಿಯನ್ನು ಕರೆಸಿದರು. ಹಾಜರಾತಿ ಬಹುಮಾನದ ಬಗ್ಗೆ ಕೇಳಿದಾಗ ಮಾತ್ರ, "ಮೇಲಿಂದ ಏನಾದ್ರೂ ಆದೇಶ ಇದ್ರೆ ಹೇಳಿ ಮೇಡಂ, ನಾವಾಗಿ ನಿಲ್ಲಿಸೋಕೆ ಕಷ್ಟ" ಅಂದರು.

ಆ ಆದೇಶಕ್ಕಾಗಿಯೇ ಈ ಪತ್ರ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳಿಗೆ ತಲುಪಲಿ. ಅಲ್ಲಿಂದ ಶಾಲೆಯ ನೋಟಿಸ್ ಬೋರ್ಡಿಗೆ, ಮಕ್ಕಳ ಡೈರಿಯ ಮೊದಲ ಪುಟಕ್ಕೆ ಬರಲಿ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ
ಶಿವಮೊಗ್ಗ ಜಿಲ್ಲೆ